ವೆಂಕಟರತ್ನಮ್ಮನ ಸ್ಟೇಟಸ್ಸು

ವೆಂಕಟರತ್ನಮ್ಮನ ಮನೆಯ ಎಚ್ಚೆಫ್ ತಳಿಯ ಹಸು ಕರು ಹಾಕಿದ ಸುದ್ದಿ ಅವಳ ಗಂಡನಿಗಿಂತ ಮೊದಲು ತಲುಪಿದ್ದು ವೈಟ್‌ಫೀಲ್ಡಿನ ಗಾರ್ಮೆಂಟ್ಸ್ ಸೂಪರ್‌ವೈಸರಿಗೆ. ಗಂಡ ವೆಂಕಟೇಶಪ್ಪ ಡೇರಿಗೆ ಹಾಲು ಹಾಕಿ ಮನೆಗೆ ಬರುವಷ್ಟರಲ್ಲಿ, ಇನ್ನೂ ಮೈ ಒಣಗದ ಕರು ಅವಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನಿಂತಾಗಿತ್ತು. ಕೆಳಗೆ ಮೂರು ಕೆಂಪು ಹೃದಯ, ಹಿಂದೆ ಒಂದು ಹಾಡು. ಅದರ ಹಿಂದಿನ ವಾರ ನಾಯಿ ಜಿಮ್ಮಿ ನಾಲಿಗೆ ಚಾಚಿಕೊಂಡು ಮಲಗಿದ್ದ ಫೋಟೋ. ಅದಕ್ಕೂ ಹಿಂದೆ, ಕೊಟ್ಟಿಗೆಯಲ್ಲಿ ಬಗ್ಗಿ ಸಗಣಿ ಬಾಚುತ್ತಿದ್ದ ವೆಂಕಟೇಶಪ್ಪನದೇ ಬೆನ್ನು. ಬನೀನಿನ ತೂತು ಎಣಿಸಬಹುದಾದಷ್ಟು ಸ್ಪಷ್ಟವಾಗಿತ್ತು. ಆ ಮನುಷ್ಯ ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟಿದ್ದ.

"ನನ್ ಬನೀನನ್ನ ಬೆಂಗಳೂರು ನೋಡ್ಬೇಕಾಗಿತ್ತೇನೇ?" ಅಂತ ಮೂರನೇ ದಿನ ಕೇಳಿದ.

"ನೂರಾ ಇಪ್ಪತ್ತು ಜನ ನೋಡವ್ರೆ, ಒಬ್ರಾದ್ರೂ ನಿನ್ ಬನೀನಿನ ಮಾತು ಎತ್ತಿದ್ರಾ? ಎಲ್ರೂ ಹಸು ಚೆನ್ನಾಗೈತೆ ಅಂದವ್ರೆ" ಅಂದಳು ಅವಳು.

ನಗಬೇಡಿ, ಅವಳ ಕಡೆಯಿಂದಲೂ ಒಂದು ಮಾತಿದೆ. ಬಂಗಾರಪೇಟೆಯಿಂದ ನಾಲ್ಕು ಕಿಲೋಮೀಟರ್ ದೂರದ ಆ ಹಳ್ಳಿಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ಅಷ್ಟು ವರ್ಷದಲ್ಲಿ ಅವಳು ಮಾಡಿದ ಸಾರು, ಕಟ್ಟಿದ ಹುಲ್ಲು, ಹೊತ್ತ ನೀರು, ಯಾವುದನ್ನೂ ಯಾರೂ "ಚೆನ್ನಾಗಿದೆ" ಅಂದವರಲ್ಲ. ಮಗಳು ಲಿಖಿತ ಮದುವೆಯಾಗಿ ಹೋಗುವಾಗ ತನ್ನ ಹಳೇ ಫೋನನ್ನು ಅಮ್ಮನಿಗೆ ಬಿಟ್ಟು, ಸ್ಟೇಟಸ್ ಹಾಕುವುದನ್ನೂ ಅದನ್ನು ನೋಡಿದವರ ಪಟ್ಟಿ ತೆಗೆಯುವುದನ್ನೂ ಹೇಳಿಕೊಟ್ಟು ಹೋದಳು. ಅಲ್ಲಿಂದ ವೆಂಕಟರತ್ನಮ್ಮನ ದಿನಗಳೇ ಬೇರೆಯಾದವು. ಹೊಲದ ತೊಗರಿ ಹೂವಿಗೆ ಎಂಬತ್ತು ಜನ. ಕರುವಿಗೆ ನೂರಾ ನಲವತ್ತು. ಸಂಜೆ ರೈಲಿನಲ್ಲಿ ಕೂತು ಒಂದೊಂದೇ ಹೆಸರನ್ನು ಬೆರಳಿನಿಂದ ಮೇಲೆ ತಳ್ಳುತ್ತಾ ಓದುವುದೆಂದರೆ, ಬೇರೆಯವರಿಗೆ ಕಾಫಿ ಕುಡಿದಷ್ಟು ಸುಖ.

ಅವಳು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸದವಳು. ಬೆಳಗಿನ ಮಾರಿಕುಪ್ಪಂ ರೈಲಿನ ಹೆಂಗಸರ ಡಬ್ಬಿಯಲ್ಲಿ ಅವಳಿಗೊಂದು ಜಾಗ ಖಾಯಂ. ಮಾರಿಕುಪ್ಪಂನಲ್ಲೇ ಹತ್ತುವ ಅಂಜನಮ್ಮ ಸೀಟಿನ ಮೇಲೆ ಟವೆಲ್ಲು, ಊಟದ ಡಬ್ಬಿ, ಕೊನೆಗೆ ತನ್ನ ಕಾಲನ್ನೂ ಹರಡಿಕೊಂಡು ಇಬ್ಬರಿಗೆ ಜಾಗ ಹಿಡಿದು ಬರುತ್ತಿದ್ದಳು. ಒಂದು ವೆಂಕಟರತ್ನಮ್ಮನಿಗೆ. ಇನ್ನೊಂದು, ಕಿಟಕಿ ಪಕ್ಕದ್ದು, ರಾಧಾಮಣಿಗೆ.

ರಾಧಾಮಣಿಗೆ ಇಪ್ಪತ್ತೊಂಬತ್ತು. ಕಾಮಸಮುದ್ರದ ಕಡೆಯ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂಗಾರಪೇಟೆಗೆ ಬಂದು ಕೆಲಸಕ್ಕೆ ರೈಲು ಹತ್ತುವವಳು. ಗಂಡ ಬೈಕಿನಿಂದ ಬಿದ್ದು ಸತ್ತು ಮೂರು ವರ್ಷ. ಅತ್ತೆ, ಮೈದುನ, ಆರು ವರ್ಷದ ಮಗಳು ಸಹನ. ಗಂಡ ಹೋದವಳು ಹೂವು ಮುಡಿಯಬಾರದು, ಹಣೆಗೆ ಇಡಬಾರದು ಅನ್ನುವ ಮನೆ ಅದು. ಬೋಳು ಹಣೆಯಲ್ಲೇ ಬಸ್ಸಿಳಿಯುತ್ತಿದ್ದಳು, ಬೋಳು ಹಣೆಯಲ್ಲೇ ರೈಲು ಹತ್ತುತ್ತಿದ್ದಳು. ಟೇಕಲ್ ದಾಟಿದ ಮೇಲೆ ಊಟದ ಚೀಲದ ತಳದಿಂದ ಒಂದು ಸ್ಟಿಕ್ಕರ್ ಪ್ಯಾಕೆಟ್ ತೆಗೆಯುತ್ತಿದ್ದಳು. ಸಾಸಿವೆಗಿಂತ ಸ್ವಲ್ಪ ದೊಡ್ಡ ಕೆಂಪು ಬೊಟ್ಟು. ಅಂಜನಮ್ಮ ತನ್ನ ಹೂವಿನ ಮೊಳದಿಂದ ಒಂದು ಗೇಣು ಹರಿದು, ಬೇರೆಲ್ಲೋ ನೋಡುತ್ತಾ, ಅವಳ ಕೈಗೆ ಕೊಡುತ್ತಿದ್ದಳು. ಸಂಜೆ ವಾಪಸ್ಸು ಬರುವಾಗ ಮಾಲೂರು ಬಿಟ್ಟ ಮೇಲೆ ಹೂವು ಕಿಟಕಿಯಿಂದ ಆಚೆ. ಬೊಟ್ಟನ್ನು ಮಾತ್ರ ಬಿಸಾಡುತ್ತಿರಲಿಲ್ಲ, ಕಿಟಕಿಯ ಕಬ್ಬಿಣದ ಚೌಕಟ್ಟಿಗೆ ಅಂಟಿಸುತ್ತಿದ್ದಳು.

ಡಬ್ಬಿಯಲ್ಲಿದ್ದ ಹೆಂಗಸರಿಗೆಲ್ಲ ಇದು ಗೊತ್ತು. ಊರಿನ ಮೂರೂ ಹೊತ್ತಿನ ಸುದ್ದಿ ಹಂಚುವ ಆ ಬಾಯಿಗಳು, ಈ ಒಂದು ವಿಷಯವನ್ನು ಎರಡು ವರ್ಷದಿಂದ ಎತ್ತಿರಲಿಲ್ಲ. ಹಾಗೆ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗೇ ಬಂದ ಕಟ್ಟಳೆ.

ಶ್ರಾವಣದಲ್ಲಿ ರಾಧಾಮಣಿಯ ಹುಟ್ಟಿದ ದಿನ ಬಂತು. ಅಂಜನಮ್ಮ ಹಿಂದಿನ ದಿನವೇ ರಾಬರ್ಟ್‌ಸನ್‌ಪೇಟೆಯ ಬೇಕರಿಯಿಂದ ಅರ್ಧ ಕೆಜಿ ಕೇಕು ತಂದಿಟ್ಟಿದ್ದಳು. ಮಾಲೂರು ದಾಟಿದ ಮೇಲೆ ಸೀಟಿನ ಮೇಲೆಯೇ ಪೆಟ್ಟಿಗೆ ಬಿಚ್ಚಿದರು. ರೈಲಿನ ಗಾಳಿಗೆ ಮೇಣದಬತ್ತಿ ಹತ್ತಲಿಲ್ಲ, ಹತ್ತಿಸದೆಯೇ ಊದಿಸಿದರು. ರಾಧಾಮಣಿ ಹುಟ್ಟಿದ ಮೇಲೆ ಕೊಯ್ದ ಮೊದಲ ಕೇಕು ಅದು. ಯಾರೋ ಕೆನ್ನೆಗೆ ಕ್ರೀಮು ಮೆತ್ತಿದರು. ಅವತ್ತು ಹೂವು ಗೇಣಲ್ಲ, ಒಂದು ಮೊಳ.

"ಬೆಳಕಿಗೆ ತಿರುಗೇ, ಮುಖಾನ ಬೆಳಕಿಗೆ ತಿರುಗ್ಸು" ಅಂದಳು ವೆಂಕಟರತ್ನಮ್ಮ ಫೋನು ಹಿಡಿದು. ಯಾರ ಫೋಟೋ ತೆಗೆದರೂ ಅವಳದು ಇದೊಂದೇ ಮಂತ್ರ, ಹಸುವಿಗೂ ಹಾಗೇ ಹೇಳುತ್ತಿದ್ದಳು.

ರಾಧಾಮಣಿ ಕಿಟಕಿಯ ಬೆಳಕಿಗೆ ತಿರುಗಿದಳು, ನಕ್ಕಳು. ಫೋಟೋ ಬಂತು. ಆಮೇಲೆ ಮೆಲ್ಲಗೆ ಅಂದಳು, "ಅಕ್ಕಾ, ಇದನ್ನ ಎಲ್ಲೂ ಆಕ್ಬ್ಯಾಡ."

"ಅಷ್ಟೂ ಗೊತ್ತಾಗಲ್ವೇನಮ್ಮಿ ನಂಗೆ?"

ಗೊತ್ತಾಗುತ್ತಿತ್ತು, ಆ ಕ್ಷಣದಲ್ಲಿ. ಆದರೆ ಗಾರ್ಮೆಂಟ್ಸಿನ ಗೇಟಿನಲ್ಲಿ ಫೋನು ಕೊಟ್ಟು ಒಳಗೆ ಹೋಗಬೇಕಲ್ಲ, ಅದಕ್ಕೆ ಮುಂಚೆ ಇನ್ನೊಂದು ಸಲ ನೋಡೋಣ ಅಂತ ತೆಗೆದಳು. ಅಷ್ಟು ಒಳ್ಳೆಯ ಫೋಟೋ ಅವಳ ಕೈಯಿಂದ ಯಾವತ್ತೂ ಬಂದಿರಲಿಲ್ಲ. ಮಲ್ಲಿಗೆ ಮೊಗ್ಗುಗಳು ಒಂದೊಂದೂ ಕಾಣುತ್ತಿದ್ದವು. ಆ ಹುಡುಗಿಯ ನಗು ಹಣೆಯ ಬೊಟ್ಟಿನವರೆಗೂ ಹೋಗಿತ್ತು. ಇಂಥದ್ದನ್ನು ಬಚ್ಚಿಡುವುದು ಹೇಗೆ? ಸ್ಟೇಟಸ್ಸು ಅಂದರೆ ಇಪ್ಪತ್ನಾಲ್ಕು ಗಂಟೆ, ಆಮೇಲೆ ಅದೇ ಅಳಿಸಿಹೋಗುತ್ತೆ. ನೋಡುವವರಾದರೂ ಯಾರು, ತನ್ನ ಕಡೆಯವರು, ಅವರಿಗೆ ರಾಧಾಮಣಿ ಯಾರೋ ಏನೋ. ಹೀಗೆ ಗೇಟಿನ ಸಾಲಿನಲ್ಲಿ ನಿಂತು ತನಗೆ ತಾನೇ ವಕೀಲಿ ಮಾಡಿಕೊಂಡು, "ನಮ್ಮ ರಾಧನ ಬರ್ತ್‌ಡೇ" ಅಂತ ಬರೆದು, ಹೃದಯ ಸೇರಿಸಿ ಹಾಕಿಯೇಬಿಟ್ಟಳು.

ಸಂಜೆ ರೈಲಿನಲ್ಲಿ ಪಟ್ಟಿ ತೆಗೆದರೆ ನೂರಾ ಐವತ್ತಾರು! ಕರುವನ್ನೂ ಮೀರಿಸಿತ್ತು. ಖುಷಿಯಿಂದ ಹೆಸರು ಓದುತ್ತಾ ಹೋದಳು. ಸೂಪರ್‌ವೈಸರ್ ಮೇಡಂ, ಲಿಖಿತ, ಲಿಖಿತನ ಅತ್ತೆ, ಹಾಲಿನ ಡೇರಿ, ರಾಧಾಮಣಿ ಮನೆ. ಮುಂದಿನ ಹೆಸರಿಗೂ ಬೆರಳು ಹೋಗಿತ್ತು, ಆಮೇಲೆ ನಿಂತಿತು.

ರಾಧಾಮಣಿ ಮನೆ. ಹೋದ ವರ್ಷ ರಾಧಾಮಣಿಯ ಫೋನು ಕೆಟ್ಟಿದ್ದಾಗ, ರೈಲು ಎಷ್ಟು ತಡ ಅಂತ ಕೇಳಲು ಅವಳ ಮೈದುನ ಸಾಯಿಕುಮಾರ್ ಫೋನು ಮಾಡಿದ್ದ. ಮತ್ತೆ ಬೇಕಾದೀತು ಅಂತ ತಾನೇ ನಂಬರು ಇಟ್ಟುಕೊಂಡಿದ್ದಳು. ಅವನೂ ಇಟ್ಟುಕೊಂಡಿದ್ದ ಅಂತಾಯಿತು. ನೋಡಿದ ಹೊತ್ತು ಬೆಳಿಗ್ಗೆ ಹತ್ತೂ ಕಾಲು.

ವೆಂಕಟರತ್ನಮ್ಮ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು. ಎದುರಿಗೇ ರಾಧಾಮಣಿ ಕೂತಿದ್ದಳು. ಮಾಲೂರು ಬಿಟ್ಟಿತ್ತು. ಅವಳು ಎಂದಿನಂತೆ ಹೂವು ತೆಗೆದು ಆಚೆ ಬಿಟ್ಟಳು, ಬೊಟ್ಟು ಕಿತ್ತು ಕಿಟಕಿಯ ಚೌಕಟ್ಟಿಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. ಬೆಳಗಿನ ಕೇಕಿನ ಒಂದು ತುಂಡನ್ನು ಮಗಳಿಗೆಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು, ಅದು ಅಲುಗಾಡದಂತೆ ತೊಡೆಯ ಮೇಲೆ ಹಿಡಿದಿದ್ದಳು.

ಆಗ ಹೇಳಬಹುದಿತ್ತು. ಬಂಗಾರಪೇಟೆಗೆ ಇನ್ನೂ ಅರ್ಧ ಗಂಟೆಯಿತ್ತು. ರಾಧಾ, ತಪ್ಪು ಮಾಡಿಬಿಟ್ಟೆ, ಮನೆಯಲ್ಲಿ ನೋಡಿದ್ದಾರೆ, ಏನು ಹೇಳ್ಬೇಕೋ ಯೋಚನೆ ಮಾಡ್ಕೋ ಅಂತ ಅಂದಿದ್ದರೆ, ಆ ಹುಡುಗಿ ಮನಸ್ಸನ್ನಾದರೂ ಗಟ್ಟಿ ಮಾಡಿಕೊಂಡು ಹೋಗುತ್ತಿದ್ದಳು. ವೆಂಕಟರತ್ನಮ್ಮ ಹೇಳಲಿಲ್ಲ. ಫೋನನ್ನು ಸೆರಗಿನ ಮರೆಯಲ್ಲಿ ಹಿಡಿದು, ಕಳ್ಳಿಯ ಹಾಗೆ, ಸ್ಟೇಟಸ್ಸು ಅಳಿಸಿದಳು. ಬಂಗಾರಪೇಟೆಯಲ್ಲಿ ರಾಧಾಮಣಿ "ಬತ್ತೀನಿ ಅಕ್ಕಾ" ಅಂದು ಬಸ್ಸಿನ ಕಡೆ ಓಡಿದಳು. ಇವಳು ಕೈ ಎತ್ತಿದಳು, ಅಷ್ಟೇ.

ಮಾರನೆಯ ದಿನ ಕಿಟಕಿಯ ಸೀಟು ಖಾಲಿ. ಅದರ ಮಾರನೆಯ ದಿನವೂ. ನಾಲ್ಕನೇ ದಿನ ಅಂಜನಮ್ಮ ಕೇಳಿದಳು, "ನೀನೇನಾದ್ರೂ ಆಕಿದ್ಯಾ ಆ ಫೋಟೋನ?"

"ಊಂ" ಅಂದಳು ವೆಂಕಟರತ್ನಮ್ಮ.

ಅಂಜನಮ್ಮ ಬೈಯಲಿಲ್ಲ. ಟವೆಲ್ಲು ಮಡಿಸಿ ಚೀಲಕ್ಕೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಭಾನುವಾರ ವೆಂಕಟರತ್ನಮ್ಮ ಬಾಳೆಹಣ್ಣು, ಬಿಸ್ಕತ್ತು ಹಿಡಿದು ಕಾಮಸಮುದ್ರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದು ಸುಳ್ಳನ್ನು ಸಿದ್ಧಪಡಿಸಿಕೊಂಡಳು. ಸುಳ್ಳೇನೋ ಚೆನ್ನಾಗಿಯೇ ಇತ್ತು, ಅದೇ ಅವಳಿಗೆ ಮುಳುವಾದದ್ದು.

ರಾಧಾಮಣಿಯ ಅತ್ತೆ ಮುನಿನಾರಾಯಣಮ್ಮ ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದಳು. ಒಳಗೆ ಗೋಡೆಯ ಮೇಲೆ ಮಗನ ಫೋಟೋ, ಅದಕ್ಕೆ ಅವತ್ತಿನ ಸೇವಂತಿಗೆ. ಸಾಯಿಕುಮಾರ್ ಮಾತಿಲ್ಲದೆ ತನ್ನ ಫೋನು ತಂದು ವೆಂಕಟರತ್ನಮ್ಮನ ಮುಂದೆ ಹಿಡಿದ. ಇಪ್ಪತ್ನಾಲ್ಕು ಗಂಟೆಗೆ ಅಳಿಸಿಹೋಗುತ್ತೆ ಅಂದುಕೊಂಡದ್ದು ಅಲ್ಲಿ ಸ್ಕ್ರೀನ್‌ಶಾಟಾಗಿ ಹಾಗೇ ಇತ್ತು, ಹೃದಯದ ಸಮೇತ.

"ಅದು ನಿಜವಾದ್ದಲ್ಲಮ್ಮ" ಅಂದಳು ವೆಂಕಟರತ್ನಮ್ಮ. "ಊವಾ, ಬೊಟ್ಟು ಎಲ್ಲಾ ಫೋನೇ ಅಂಟಿಸ್ತದೆ. ನಾನೇ ತಮಾಸೆಗೆ ಮಾಡ್ದೆ. ಅವಳ ತಪ್ಪೇನಿಲ್ಲ."

ಮುನಿನಾರಾಯಣಮ್ಮ ಸುಲಿದ ಕಾಳನ್ನು ಮೊರಕ್ಕೆ ಹಾಕಿದಳು. "ಅಂಗಾ?" ಅಂದಳು.

"ದೇವರಾಣೆ."

"ಊವಾ ಇಡೋಕೆ ಈ ಮನೇಲಿ ನನ್ ಮಗನ ಫೋಟೋ ಐತೆ ಕಣಮ್ಮ. ನಾನೂ ಮೂವತ್ತೆರಡಕ್ಕೇ ಅಣೆ ಒರೆಸ್ಕೊಂಡೋಳು. ನನ್ನನ್ನ ಯಾರೂ ಯಾವ ರೈಲೂ ಅತ್ತಿಸ್ಲಿಲ್ಲ." ಸ್ವಲ್ಪ ಹೊತ್ತು ಕಾಯಿ ಸುಲಿದಳು. "ಆಗ್ಲಿ. ಅಂಟಿಸೋಕೆ ಬರೋಳಿಗೆ ಅಂಟಿಸ್ದೆ ತೆಗ್ಯೋಕೂ ಬತ್ತದಲ್ಲ. ನಾಳೆಯಿಂದ ಇವಳನ್ನ ಕೆಲಸಕ್ಕೆ ಕಳಿಸ್ತೀನಿ. ನೀನು ದಿನಾ ರೈಲಾಗೆ ಇವಳ್ದೊಂದು ಫೋಟೋ ತೆಗ್ದು ಸಾಯಿ ಫೋನಿಗೆ ಆಕು. ಏನೂ ಅಂಟಿಸ್ದೇ ಇರೋದು. ಒಂದಿನ ಬರ್ಲಿಲ್ಲ ಅಂದ್ರೆ ಮಾರನೇ ದಿನದಿಂದ ಇವಳಿಗೆ ರೈಲಿಲ್ಲ."

ಒಳಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ರಾಧಾಮಣಿ ಇದನ್ನೆಲ್ಲ ಕೇಳಿಸಿಕೊಂಡಳು. ಬಂದು ಕಾಫಿ ಕೊಟ್ಟಳು, ಮುಖ ಎತ್ತಲಿಲ್ಲ. ಅವಳ ಹಿಂದೆ ಸೀರೆ ಹಿಡಿದು ಬಂದ ಸಹನ ಮಾತ್ರ ಚಿಕ್ಕಪ್ಪನ ಫೋನನ್ನು ಇಣುಕಿ ನೋಡಿ, "ಅಮ್ಮ ಇದ್ರಾಗೆ ಎಷ್ಟ್ ಚೆನ್ನಾಗವ್ಳೆ" ಅಂದಿತು. ಆ ಮಗುವಿಗೆ ತಾಯಿಯನ್ನು ಹೂವಿನಲ್ಲಿ ನೋಡಿದ ನೆನಪೇ ಇರಲಿಲ್ಲ. ಆ ಕಾಫಿಯನ್ನು ವೆಂಕಟರತ್ನಮ್ಮ ಹೇಗೆ ಕುಡಿದಳೋ ಅವಳಿಗೇ ಗೊತ್ತು.

ಸೋಮವಾರದಿಂದ ಶುರುವಾಯಿತು. ಟೇಕಲ್ ದಾಟಿದ ಮೇಲೆ, ಮೊದಲು ಸ್ಟಿಕ್ಕರ್ ಪ್ಯಾಕೆಟ್ ಆಚೆ ಬರುತ್ತಿದ್ದ ಅದೇ ಹೊತ್ತಿಗೆ, ಈಗ ವೆಂಕಟರತ್ನಮ್ಮನ ಫೋನು ಆಚೆ ಬರುತ್ತಿತ್ತು. ಬೋಳು ಹಣೆ, ಬೋಳು ಜಡೆ, ಒಂದು ಫೋಟೋ. ಕಳಿಸಿದ ಮೇಲೆ ಎರಡು ಗೀಟು ನೀಲಿಯಾಗುವವರೆಗೂ ಡಬ್ಬಿಯಲ್ಲಿ ಮಾತಿಲ್ಲ. ಮೊದಲನೇ ದಿನ ಅಂಜನಮ್ಮ ಹೂವು ಹರಿದು ಕೈ ನೀಡಿದಳು.

"ಕಳ್ಸಾಯ್ತಲ್ಲ, ಇನ್ನು ಇಟ್ಕೊಳ್ಳೇ. ಯಾರ್ ನೋಡ್ತಾರೆ?"

"ಬ್ಯಾಡ ಅಕ್ಕಾ" ಅಂದಳು ರಾಧಾಮಣಿ. "ಎಲ್ರ ಕೈಲೂ ಫೋನೈತೆ."

ವೆಂಕಟರತ್ನಮ್ಮನ ಕಡೆ ನೋಡಿ ಹೇಳಿದ್ದಲ್ಲ ಆ ಮಾತು. ಆದರೂ ಅವಳಿಗೆ ತಲೆ ಎತ್ತಲಾಗಲಿಲ್ಲ. ಅವತ್ತಿನಿಂದ ಕರುವಿಲ್ಲ, ಜಿಮ್ಮಿಯಿಲ್ಲ, ತೊಗರಿ ಹೂವಿಲ್ಲ. "ಯಾಕೇ, ಫೋನು ಕೆಟ್ಟೋಯ್ತಾ?" ಅಂತ ಗಂಡ ಕೇಳಿದರೆ, "ಊಂ" ಅಂದಳು. ಆ ಸಂಜೆ ರೈಲಿನಲ್ಲೇ ತನಗೆ ವಿಷಯ ತಿಳಿದಿತ್ತು, ತಿಳಿದೂ ಹೇಳಲಿಲ್ಲ ಅನ್ನುವುದನ್ನು ಗಂಡನಿಗೂ ಹೇಳಲಿಲ್ಲ, ಅಂಜನಮ್ಮನಿಗೂ ಹೇಳಲಿಲ್ಲ. ರಾಧಾಮಣಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಅವಳು "ಏನಕ್ಕಾ?" ಅಂದರೆ, "ಏನಿಲ್ಲ, ಊಟಕ್ಕೇನು ತಂದಿದ್ದೀಯಾ?" ಅಂದುಬಿಡುತ್ತಿದ್ದಳು.

ದೀಪಾವಳಿ ಕಳೆದು ಒಂದು ವಾರ. ಬಂಗಾರಪೇಟೆ ಬಿಟ್ಟು ಹತ್ತು ನಿಮಿಷವಾಗಿತ್ತು. ಹೊತ್ತೆಷ್ಟೆಂದು ನೋಡಲು ವೆಂಕಟರತ್ನಮ್ಮ ಫೋನು ತೆಗೆದರೆ, ಅದು ತಾನಾಗೇ ಒಂದು ವಿಡಿಯೋ ಮಾಡಿಟ್ಟಿದೆ ಅಂತ ತೋರಿಸಿತು. ಏನೆಂದು ಒತ್ತಿದಳು. ಮದುವೆ ಮನೆಯ ಹಾಗೆ ಜೋರಾಗಿ ವಾದ್ಯ ಶುರುವಾಯಿತು. "ಸವಿ ನೆನಪುಗಳು" ಅಂತ ಬಣ್ಣದ ಅಕ್ಷರ. ಹಿಂದೆಯೇ ರಾಧಾಮಣಿಯ ಮುಖ. ಮತ್ತೆ ರಾಧಾಮಣಿಯ ಮುಖ. ನೀಲಿ ಸೀರೆ, ಹಸಿರು ಸೀರೆ, ಮತ್ತೆ ನೀಲಿ ಸೀರೆ, ಅರವತ್ತು ದಿನದ ಬೋಳು ಹಣೆ, ಒಂದಾದ ಮೇಲೊಂದು ಸುತ್ತುತ್ತಾ ಬಂದವು. ಮೊದಲನೆಯದೊಂದು ಮಾತ್ರ ಬೇರೆ, ಮಲ್ಲಿಗೆ ಮುಡಿದದ್ದು, ಕೆನ್ನೆಗೆ ಕ್ರೀಮು ಮೆತ್ತಿದ್ದು. ಸದ್ದು ನಿಲ್ಲಿಸಲು ಬೆರಳಿಗೆ ಜಾಗವೇ ಸಿಗಲಿಲ್ಲ. ಡಬ್ಬಿಯ ಹೆಂಗಸರೆಲ್ಲ ತಿರುಗಿ ನೋಡಿದರು.

ರಾಧಾಮಣಿ ಬಗ್ಗಿ, ವಿಡಿಯೋವನ್ನು ಕೊನೆಯವರೆಗೂ ನೋಡಿದಳು. ವಾದ್ಯ ನಿಂತ ಮೇಲೆ ಕೇಳಿದಳು.

"ಇದನ್ನೂ ಸ್ಟೇಟಸ್ಸಿಗೆ ಆಕ್ತೀಯಾ ಅಕ್ಕಾ?"

ಕೋಪ ಇರಲಿಲ್ಲ ಆ ದನಿಯಲ್ಲಿ. ಹಾಕಿದರೆ ಹಾಕು ಅನ್ನುವಂತೆ ಕೇಳಿದ್ದಳು. ವೆಂಕಟರತ್ನಮ್ಮನ ಕಣ್ಣು ತುಂಬಿತು. "ರಾಧಾ, ಅವತ್ತು ಸಂಜೇನೇ ನಂಗೆ ಗೊತ್ತಿತ್ತಮ್ಮ" ಅಂದಳು. "ನಿಮ್ಮನೇಲಿ ನೋಡವ್ರೆ ಅಂತ. ಮಾಲೂರಲ್ಲೇ ಗೊತ್ತಿತ್ತು. ಏಳೋಕೆ ಬಾಯಿ ಬರ್ಲಿಲ್ಲ."

ರಾಧಾಮಣಿ ಪಕ್ಕದ ಕಿಟಕಿ ಚೌಕಟ್ಟನ್ನು, ಮೊದಲು ಬೊಟ್ಟು ಅಂಟಿಸುತ್ತಿದ್ದ ಜಾಗವನ್ನು, ನೋಡಿದಳು. ಟೇಕಲ್ ಬಂತು, ಹೋಯಿತು. ಅವತ್ತಿನ ಫೋಟೋ ಇನ್ನೂ ತೆಗೆದಿರಲಿಲ್ಲ.

ರಾಧಾಮಣಿ ಹಣೆಯ ಮೇಲೆ ಹಾರುತ್ತಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡು, ವೆಂಕಟರತ್ನಮ್ಮ ಹೇಳುವುದಕ್ಕೆ ಮುಂಚೆಯೇ, ಬೆಳಕಿಗೆ ಮುಖ ತಿರುಗಿಸಿ ಕೂತಳು.