ಬೆಚ್ಚದ ಚನ್ನಬಸವಣ್ಣನೂ ಮಿಕ್ಕಿದ ಕೇಕೂ

"ನಾನು ಜೀವಮಾನದಲ್ಲಿ ಬೆಚ್ಚಿಬಿದ್ದಿದ್ದು ಒಂದೇ ಸಲ ಕಣ್ರಲಾ, ಹುಟ್ಟಿದ ದಿನ. ಅದು ನಂಗೆ ಗ್ಯಾಪಕ ಇಲ್ಲ. ಅದ್ಕೇ ಅದ್ನ ಲೆಕ್ಕಕ್ಕೆ ಇಟ್ಕಬ್ಯಾಡಿ."

ಹಂಪಾಪುರದ ಚನ್ನಬಸವಣ್ಣ ಈ ಮಾತು ಹೇಳದ ದಿನ, ಹುಟ್ಟಲೋ ಬೇಡವೋ ಎಂದು ಸೂರ್ಯನೇ ಹಿಂದುಮುಂದು ನೋಡುತ್ತಿದ್ದ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅವನು ಇದನ್ನು ಎಷ್ಟು ಸಲ ಹೇಳಿದ್ದನೆಂದರೆ, ಎದುರಿನ ಮರದ ಕಾಗೆಗಳಿಗೂ ಬಾಯಿಪಾಠವಾಗಿತ್ತು.

ಹಾಗೆ ಹೇಳಿಕೊಳ್ಳಲು ಅವನಿಗೆ ಹಕ್ಕಿರಲಿಲ್ಲ ಎನ್ನುವಂತಿಲ್ಲ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಲ್ಲಿ ಗೇಟು ಎತ್ತಿ ಇಳಿಸುತ್ತ, ನೀರು ಬಿಡುವ ಮೊದಲು ಸೈರನ್ ಕೂಗಿಸುತ್ತ ನಿವೃತ್ತನಾದವನು ಅವನು. ಆ ಸೈರನ್ನಿನ ಪಕ್ಕ ನಿಂತರೆ ಕಿವುಡರಿಗೆ ಕಿವಿ ಬರುತ್ತಿತ್ತು, ಕಿವಿ ಇದ್ದವರಿಗೆ ಹೋಗುತ್ತಿತ್ತು. ಚನ್ನಬಸವಣ್ಣ ಮಾತ್ರ ಅದರ ಬುಡದಲ್ಲೇ ಕೂತು, ಗಂಟಲಲ್ಲಿ ಸಿಕ್ಕಿಕೊಳ್ಳದ ಹಾಗೆ ಮುದ್ದೆ ನುಂಗುತ್ತಿದ್ದ. ಒಮ್ಮೆ ಹಿನ್ನೀರಿನ ದಾರಿಯಲ್ಲಿ ಸೈಕಲ್ಲಿಗೆ ಎದುರಾಗಿ ಆನೆಯೊಂದು ಬಂದು ನಿಂತಿತಂತೆ. "ದಾರಿ ಬುಡಪ್ಪ, ಡ್ಯೂಟಿಗೆ ಒತ್ತಾಯ್ತು" ಎಂದನಂತೆ. ಆನೆ ಸರಿದು ನಿಂತಿತಂತೆ. ಮೊದಲ ಸಲ ಹೇಳಿದಾಗ ಅದೊಂದು ಮರಿಯಾನೆ. ಆಮೇಲೆ ವರ್ಷ ವರ್ಷಕ್ಕೂ ಬೆಳೆದು, ಕತೆಯೊಳಗೆ ಇವತ್ತು ಆನೆ ಬರಬೇಕಾದರೆ ಅದರ ದಂತ ನಿನ್ನೆಯೇ ಬಂದು ಕಾಯುತ್ತಿರಬೇಕು, ಅಷ್ಟು ಉದ್ದವಾಗಿತ್ತು. ಮದುವೆಯ ದಿನ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಚಪ್ಪರ ಕುಸಿದಾಗಲೂ ಗಂಟಿನ ಮೇಲೆ ಗಂಟು ಹಾಕಿ ಮುಗಿಸಿ, "ಅದೇನು ಸದ್ದು?" ಎಂದು ಕೇಳಿದವನಂತೆ.

ಹೆಂಡತಿ ಮಂಗಳಗೌರಿ ಇದಕ್ಕೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಬೆಚ್ಚಬೇಕಾದ್ರೆ ಮೊದ್ಲು ಎಚ್ಚರ ಇರ್ಬೇಕಲ್ವಾ."

ಅವರ ಮನೆಯ ಮುಂದೆ ಕೋಟೆ ರಸ್ತೆಗೆ ಬಾಯಿ ತೆರೆದುಕೊಂಡಿದ್ದ ಒಂದು ಖಾಲಿ ರೂಮಿತ್ತು. ಅದರ ಮೇಲೆ ಇಬ್ಬರ ಕಣ್ಣು. ಒಬ್ಬಳು ಮಗಳು ಉಷಾರಾಣಿ. ಬೀಚನಹಳ್ಳಿ ಕಡೆಯ ರೆಸಾರ್ಟೊಂದರ ಅಡುಗೆಮನೆಯಲ್ಲಿ ಕೇಕು ಮಾಡುವುದನ್ನು ಕಲಿತವಳು. ಅಲ್ಲಿಗೆ ಹೊಸ ಮೈಕ್ರೋವೇವ್ ಬಂದಾಗ ಹಳೆಯದನ್ನು ಕೇಳಿ ಪಡೆದು, ಕೆಲಸಕ್ಕೂ ನಮಸ್ಕಾರ ಹೊಡೆದು ಮನೆಗೆ ಬಂದಿದ್ದಳು. ರೂಮು ಸಿಕ್ಕರೆ ಸ್ವಂತ ಕೇಕಿನ ಅಂಗಡಿ. ಸಿಗದಿದ್ದರೆ, ಬಿಟ್ಟ ಕೆಲಸವನ್ನೇ ಮತ್ತೆ ಕೊಡಿ ಎಂದು ಅದೇ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು. ಇನ್ನೊಬ್ಬ ಶಿವನಂಜಪ್ಪ, ಹಿಂಡಿ ಬೂಸಾ ವ್ಯಾಪಾರದವನು, ಚನ್ನಬಸವಣ್ಣನ ಬೆಂಚಿನ ಗೆಳೆಯ. ಆ ರೂಮಲ್ಲಿ ಬೂಸಾ ಮೂಟೆ ಇಳಿಸುವುದನ್ನು ಅವನು ಕನಸಿನಲ್ಲಿ ಆಗಲೇ ಶುರುಮಾಡಿದ್ದ.

ಚನ್ನಬಸವಣ್ಣ ವಾಲಿದ್ದು ಬೂಸಾದ ಕಡೆಗೇ. ಮಗಳ ಪೆಟ್ಟಿಗೆಯ ಮೇಲೆ ಅವನಿಗೆ ನಂಬಿಕೆ ಹುಟ್ಟಿರಲಿಲ್ಲ. "ಬೆಂಕಿ ಇಲ್ಲ, ವೊಗೆ ಇಲ್ಲ, ಬಿಸಿ ಮಾತ್ರ ಆಯ್ತದೆ ಅಂದ್ರೆ ಅದ್ಯಾವ ಸೀಮೆ ನ್ಯಾಯ?" ಎನ್ನುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಶಿವನಂಜಪ್ಪ ಎಲೆ ಅಡಿಕೆ ಹಿಡಿದುಕೊಂಡೇ ಬಂದು ಒಳಗಿನ ಕುರ್ಚಿಯಲ್ಲಿ ಕೂತ. ಮಾತು ಇವತ್ತು ಮುಗಿದುಹೋಗಲಿ ಎಂಬ ಭಂಗಿ. ಉಷಾರಾಣಿ ಫ್ರಿಜ್ಜಿನಿಂದ ಒಂದು ಡಬ್ಬಿ ತೆಗೆದಳು. ಹಿಂದಿನ ದಿನ ಹತ್ತಿರದ ಊರಾದ ಹ್ಯಾಂಡ್‌ಪೋಸ್ಟ್‌ನಲ್ಲಿ ಮಂಗಳಗೌರಿಯ ಅಕ್ಕ ವೀರಮ್ಮನ ಮೊಮ್ಮಗಳ ಹುಟ್ಟುಹಬ್ಬ. ಕೇಕು ಉಷಾರಾಣಿಯೇ ಮಾಡಿದ್ದು, ಮೊಟ್ಟೆಯ ನೆರಳೂ ಸೋಕದ್ದು. ಕೊಯ್ದು ತಿಂದು ಕಾಲು ಭಾಗ ಮಿಕ್ಕಿತ್ತು. ಅದನ್ನು ಮಂಗಳಗೌರಿ ಡಬ್ಬಿಗೆ ಹಾಕಿಕೊಂಡು ಸಂಜೆಯ ಬಸ್ಸಿಗೆ ತಂದಿದ್ದಳು.

"ಚಿಕ್ಕಪ್ಪ, ಎಲೆ ಬದಲಾಯ್ಸೋಕ್ ಮೊದ್ಲು ಒಂದ್ ಚೂರು ಕೇಕ್ ತಿನ್ನಿ" ಎಂದಳು.

ಶಿವನಂಜಪ್ಪ ಬೆರಳಿಂದ ಕುಟ್ಟಿ ನೋಡಿದ. ಟಣ್ ಎಂದಿತು ಎಂದರೆ ನೀವು ನಂಬುವುದಿಲ್ಲ. "ಇದೇನವ್ವ ಇದು! ಇಂಥವು ನಾಲ್ಕಿದ್ರೆ ಕಬಿನಿಗೆ ಇನ್ನೊಂದು ಕಟ್ಟೆ ಕಟ್ಬೋದು."

"ಫ್ರಿಜ್ಜಲ್ಲಿತ್ತಲ್ಲ, ಅದ್ಕೇ ಗಟ್ಟಿಯಾಗ್ಬುಟ್ಟದೆ. ಮೈಕ್ರೋವೇವಲ್ಲಿ ಒಂದ್ ಗಳಿಗೆ ಇಟ್ರೆ ಈಗ ಬೇಯ್ಸಿದಂಗೆ ಆಯ್ತದೆ. ಅಪ್ಪ, ನೀನೂ ನೋಡು, ಬೆರಗಾಗೋಯ್ತೀಯ."

ಬೆರಗು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚನ್ನಬಸವಣ್ಣನ ಮೀಸೆ ಎದ್ದು ನಿಂತಿತು. "ಯಾರು, ನಾನಾ? ಕೇಳವ್ವ ಇಲ್ಲಿ. ಆ ಪೆಟ್ಟಿಗೆ ಏನಾದ್ರೂ ನನ್ನ ಬೆಚ್ಚಿಬೀಳಿಸ್ತು ಅಂದ್ರೆ ರೂಮು ನಿಂದು. ಇಲ್ಲಾಂದ್ರೆ ಬೂಸಾ. ಶಿವನಂಜನೇ ಸಾಕ್ಷಿ."

"ಆಗ್ಲಿ ಕಣಣ್ಣ" ಎಂದು ಶಿವನಂಜಪ್ಪ ಕುರ್ಚಿಗೆ ಒರಗಿದ. ಆನೆಗೆ ಬೆಚ್ಚದವನು ಬಿಸಿ ಕೇಕಿಗೆ ಬೆಚ್ಚುವುದುಂಟೇ? ಮೂಟೆಗಳು ಇಳಿದೇ ಬಿಟ್ಟವು ಎಂದುಕೊಂಡ.

ಉಷಾರಾಣಿಯ ಮುಖ ಬಾಡಿತು. ಅವಳು ಕೇಳಿದ್ದು ರುಚಿ ನೋಡಿ ಎಂದು. ಅಪ್ಪ ಅದನ್ನು ಕುಸ್ತಿ ಮಾಡಿಬಿಟ್ಟಿದ್ದ. ಮೇಲಿನ ಕ್ರೀಮನ್ನು ಚಮಚದಲ್ಲಿ ಬಳಿದಳು. ಮಂಗಳಗೌರಿ ಸ್ಟೀಲ್ ತಟ್ಟೆ ತಂದು ಚಾಚಿದಳು.

"ಅವ್ವ, ಸ್ಟೀಲು ಇದ್ರೊಳಗೆ ಮಡಗಂಗಿಲ್ಲ. ಪಿಂಗಾಣಿದು ಕೊಡು."

"ಓ. ಕಬ್ಬಿಣ ಆಯ್ತದಾ?"

"ಯಾವ ಲೋಹಾನೂ ಆಗಲ್ಲ, ಸುಮ್ನಿರವ್ವ."

ಮಂಗಳಗೌರಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಶಿವನಂಜಪ್ಪ ಹತ್ತಿಬೀಜದ ಹಿಂಡಿಯ ಮಹಿಮೆ ಶುರುಮಾಡಿದ. ಅವಳು ತೆರೆದ ಬಾಯನ್ನು ಹಾಗೆಯೇ ಮುಚ್ಚಿದಳು.

ಪಿಂಗಾಣಿ ತಟ್ಟೆ ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಪೆಟ್ಟಿಗೆ ಗುಂಯ್ ಎಂದಿತು. ಕೇಕು ದೀಪದ ಬೆಳಕಿನಲ್ಲಿ, ದೇವಸ್ಥಾನ ಸುತ್ತುವ ಮುದುಕಿಯಂತೆ ನಿಧಾನವಾಗಿ ಸುತ್ತತೊಡಗಿತು. ಬೆಂಕಿ ಎಲ್ಲಿ ಬಚ್ಚಿಟ್ಟುಕೊಂಡಿದೆ ಎಂದು ನೋಡಲೇಬೇಕಾಗಿ ಚನ್ನಬಸವಣ್ಣ ಬಗ್ಗಿ ಗಾಜಿಗೆ ಮೂಗು ತಾಗಿಸಿದ. ಕೇಕು ಒಂದು ಸುತ್ತು ಬಂತು. "ಇಷ್ಟೇಯಾ?" ಎಂದ. ಇನ್ನೊಂದು ಸುತ್ತು.

ಚಟ್!

ಕೇಕಿನ ಪಕ್ಕೆಯಿಂದ ನೀಲಿ ಮಿಂಚೊಂದು ನಾಲಿಗೆ ಚಾಚಿತು. ಚಟ ಚಟ ಚಟಾರ್! ದೀಪಾವಳಿಯ ಅಷ್ಟೂ ಪಟಾಕಿ ಆ ಅಂಗೈಯಗಲದ ಕೇಕಿನೊಳಗೆ ಸೇರಿಕೊಂಡು, ಚನ್ನಬಸವಣ್ಣನ ಮೂಗು ಬರುವುದನ್ನೇ ಕಾಯುತ್ತಿದ್ದಂತೆ ಸಿಡಿಯಿತು. ಮನೆಯೆಲ್ಲ ಸುಟ್ಟ ಸಕ್ಕರೆಯ ನಾತ. ಯಾರೋ ಕಿಟಾರನೆ ಕಿರುಚಿಕೊಂಡರು. ಎಂಥ ಕಿರುಚು ಅಂತೀರಿ! ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಅಣೆಕಟ್ಟೆಯಿಂದ ನೀರು ಬಿಟ್ಟರೆಂದು ಬಟ್ಟೆ ಬಾಚಿಕೊಂಡು ದಡ ಹತ್ತಿದರು.

ಕಿರುಚಿದ್ದು ಯಾರು? ಚನ್ನಬಸವಣ್ಣ ಕಣ್ಣು ಪಿಳಿಪಿಳಿ ಬಿಟ್ಟು ಸುತ್ತ ನೋಡಿದ. ಹೆಂಡತಿಯ ಬಾಯಿಗೆ ಸೆರಗು ಅಡ್ಡವಿತ್ತು. ಮಗಳು ತುಟಿ ಕಚ್ಚಿ ಪ್ಲಗ್ ಎಳೆದು ಹಾಕುತ್ತಿದ್ದಳು. ಶಿವನಂಜಪ್ಪ ಕಿರುಚುವ ಸ್ಥಿತಿಯಲ್ಲೇ ಇರಲಿಲ್ಲ, ಎರಡು ಕೈ ಅವನ ಕುತ್ತಿಗೆಯನ್ನು ಅವುಚಿ ಹಿಡಿದಿದ್ದವು. ಯಾರ ಕೈ ಎಂದು ಚನ್ನಬಸವಣ್ಣ ದಿಟ್ಟಿಸಿ ನೋಡಿದ. ಒಂದು ಬೆರಳಲ್ಲಿ ತನ್ನದೇ ಉಂಗುರ ಕಂಡಿತು. ಆಗ ಕಾಲು ಹುಡುಕಿದ. ನೆಲದ ಮೇಲೆ ಇರಲಿಲ್ಲ. ಎರಡೂ ಶಿವನಂಜಪ್ಪನ ತೊಡೆಯ ಮೇಲಿದ್ದವು.

ಮೆಲ್ಲಗೆ ಇಳಿದು ನಿಂತ ಚನ್ನಬಸವಣ್ಣನಿಗೆ ತನ್ನ ಎದೆ ಇನ್ಯಾರದೋ ಎದೆಯಂತೆ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು. ಇಷ್ಟು ವರ್ಷ ಒಳಗೇ ಇದ್ದ ಆ ಕಿರುಚನ್ನು ಅವನು ಇವತ್ತೇ ಮೊದಲು ಕೇಳಿದ್ದು. ಒಂದೇ ಮನೆಯಲ್ಲಿದ್ದೂ ಪರಿಚಯವಿಲ್ಲದ ಬಾಡಿಗೆಯವನು ಬಾಗಿಲು ತೆರೆದು ಮುಖ ತೋರಿಸಿದ ಹಾಗಾಯಿತು.

ಉಷಾರಾಣಿ ಕೇಕು ಹೊರತೆಗೆದು ಮುರಿದಳು. ಒಳಗಿನಿಂದ ಟಿಣ್ ಎಂದು ತಟ್ಟೆಗೆ ಬಿದ್ದದ್ದು ಒಂದು ಕಬ್ಬಿಣದ ಮೊಳೆ.

"ಅವ್ವ!"

"ಇನ್ನೇನು ಮಾಡ್ಲಿ?" ಮಂಗಳಗೌರಿಯ ದನಿ ಸಣ್ಣದಾಯಿತು. "ದೀಪ ಅಚ್ಚೋ ಒತ್ತು. ಬಸ್ಸಿಳಿದು ಉಣಸೆಮರದ ಕೆಳಗೇ ಬರ್ಬೇಕು. ಸೀ ತಿಂಡೀನ ಕಬ್ಬಿಣ ಇಲ್ದೆ ಅಂಗೇ ತಂದ್ರೆ ದೆವ್ವ ಗಾಳಿ ಮುಟ್ಟಾಕಿಲ್ವಾ? ಒಬ್ಬಟ್ಟಾದ್ರೆ ಮೊಳೇನ ಮ್ಯಾಲೆ ಮಡಗ್ತಿದ್ದೆ. ಇದ್ರ ಮ್ಯಾಲೆ ಮಡಗಿದ್ರೆ ಕ್ರೀಮು ಕೆಡ್ತದೆ ಅಂತ ಪಕ್ಕದಿಂದ ಚುಚ್ಚಿದ್ದೆ. ರಾತ್ರಿ ತಗೀಬೇಕು ಅಂತಿದ್ದೆ, ಮರ್ತೋಯ್ತು. ಈಗ ಏಳಾನ ಅಂದ್ರೆ ಸುಮ್ನಿರು ಅಂದ್ಬುಟ್ಟೆ."

"ಇದನ್ನ ನಾನು ಕಚ್ಚಿದ್ರೆ?" ಎಂದ ಶಿವನಂಜಪ್ಪ, ಹಲ್ಲು ಮುಟ್ಟಿಕೊಳ್ಳುತ್ತ.

"ಅಂಗಾದ್ರೂ ನಿಮ್ಗೆ ಗಾಳಿ ಮುಟ್ತಿರ್ಲಿಲ್ಲ" ಎಂದಳು ಮಂಗಳಗೌರಿ.

ಉಷಾರಾಣಿ ಪೆಟ್ಟಿಗೆಯ ಒಳಗೋಡೆಯಲ್ಲಿ ಮೂಡಿದ್ದ ಕಪ್ಪು ಕಲೆಯನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಳು. ಹೋಗದಿದ್ದರೂ ಉಜ್ಜುತ್ತಲೇ ಇದ್ದಳು. ತಲೆ ಎತ್ತಲಿಲ್ಲ. ಮೂಗು ಮಾತ್ರ ಕೆಂಪಗಾಗಿತ್ತು.

ಆಗ ಶಿವನಂಜಪ್ಪನಿಗೆ ಫಕ್ಕನೆ ಪಣ ನೆನಪಾಯಿತು. ಎಷ್ಟೋ ವರ್ಷದಿಂದ ಅವನು ಕಾದಿದ್ದು ಈ ಗಳಿಗೆಗಾಗಿಯೇ. ಚನ್ನಬಸವಣ್ಣ ಬೆಚ್ಚಿದ್ದ, ಅದೂ ತನ್ನ ತೊಡೆಯ ಮೇಲೆಯೇ! ಟೀ ಅಂಗಡಿಗೆ ಓಡಿ ಕೂಗಬೇಕು. ಆದರೆ ಕೂಗಿದರೆ ರೂಮು ಹೋಯಿತು. ನಾಲಿಗೆಯ ಒಂದು ಕಡೆ ಬೆಲ್ಲ, ಒಂದು ಕಡೆ ಬೂಸಾ. ಅವನು ಕಷ್ಟಪಟ್ಟು ಬೆಲ್ಲ ಉಗುಳಿದ.

"ನೀನೇನು ಬೆಚ್ಚಲಿಲ್ಲ ಬುಡಣ್ಣ" ಎಂದ ಮೃದುವಾಗಿ. "ನಾನೇ ಸಾಕ್ಷಿ ಅಲ್ವಾ? ಅದೇನೋ ಕೆಮ್ಮು ಬಂತು, ಕೆಮ್ಮಿದೆ. ಕಾಲು ಸೋತಿತ್ತು, ನನ್ ಮ್ಯಾಲೆ ಕುಂತೆ. ನಿನ್ನ ಎಸರಿಗೆ ಕುಂದು ಬರಂಗೆ ನಾನು ಎಲ್ಲೂ ಏಳಾಕಿಲ್ಲ. ಎಲೆ ಅಡಿಕೆ ತಕೋ."

ಎಂಥ ಮಾತು! ಮೂರು ಜನ ಕಂಡದ್ದನ್ನು ಮೂರು ಜನರ ಎದುರೇ ಅಳಿಸಿಹಾಕುವ ಮಾತು. ಆನೆ ಉಳಿಯಿತು, ಸೈರನ್ ಉಳಿಯಿತು, ಕುಸಿದ ಚಪ್ಪರವೂ ಎದ್ದು ನಿಂತಿತು. ಚನ್ನಬಸವಣ್ಣ ಕೈ ಮುಂದೆ ಮಾಡಿದರೆ ಸಾಕಿತ್ತು. ಮಾಡಿಯೂ ಮಾಡಿದ. ಅರ್ಧ ದಾರಿಯಲ್ಲಿ ಕೈಗೆ ಮಗಳ ಒದ್ದೆ ಬಟ್ಟೆಯ ಸದ್ದು ಅಡ್ಡ ಬಂತು. ಕರ ಕರ, ಕರ ಕರ.

ಕೈ ಹಿಂದಕ್ಕೆ ಬಂತು.

"ಬೆಚ್ಚಿದೆ" ಎಂದ.

"ಏನಂದೆ?"

"ಬೆಚ್ಚಿದೆ ಅಂದೆ ಕಣ್ಲಾ! ಕಿರುಚ್ಕೊಂಡೆ. ಕಾಲು ನೆಲ ಬುಟ್ಟಿತ್ತು. ಇನ್ನೂ ಎದೆ ಒಡ್ಕೊತಾ ಅದೆ, ಬೇಕಾದ್ರೆ ಮುಟ್ಟಿ ನೋಡು. ರೂಮು ನನ್ ಮಗಳದು."

ಮೈಕ್ರೋವೇವು ಸಿಡಿದಾಗಲೂ ಆ ಮನೆ ಅಷ್ಟು ಬೆಚ್ಚಿರಲಿಲ್ಲ. ಮಂಗಳಗೌರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಶಿವನಂಜಪ್ಪನ ಕೈಯಿಂದ ಅಡಿಕೆ ಉರುಳಿ ಮಂಚದಡಿ ಸೇರಿತು. ಬಟ್ಟೆಯ ಸದ್ದು ನಿಂತಿತು.

"ಪೆಟ್ಗೇಲಿ ಕಪ್ಪು ಕಲೆ ಉಳ್ಕೊಂಡ್ತಲ್ಲಪ್ಪ" ಎಂದಳು ಉಷಾರಾಣಿ.

"ಇರ್ಲಿ ಬುಡು" ಎಂದು ಮಂಗಳಗೌರಿ ಕಣ್ಣೊರೆಸಿಕೊಂಡಳು. "ಅಂಗಡಿಗೆ ದೃಷ್ಟಿಬೊಟ್ಟು ಆಯ್ತು."

ಪೆಟ್ಟಿಗೆ ಕೆಟ್ಟಿರಲಿಲ್ಲ. ರೂಮಿಗೆ ಸುಣ್ಣ ಬಿತ್ತು, ಬೋರ್ಡು ಏರಿತು. ಅಂಗಡಿ ತೆರೆದ ದಿನ ಮೊದಲ ಕೇಕನ್ನು ಚನ್ನಬಸವಣ್ಣನೇ ಕೊಯ್ಯಬೇಕೆಂದು ಮಗಳ ಹಟ. ಅವನು ಚಾಕು ಇಳಿಸುವ ಮೊದಲು ಊದುಬತ್ತಿ ಕಡ್ಡಿಯಿಂದ ಕೇಕನ್ನು ಏಳೆಂಟು ಕಡೆ ಚುಚ್ಚಿ ನೋಡಿದ. ರೂಮು ಹೋದ ಮೇಲೆ ಶಿವನಂಜಪ್ಪನ ನಾಲಿಗೆಗೆ ಕಟ್ಟಿದ್ದ ಹಗ್ಗವೂ ಬಿಚ್ಚಿಹೋಗಿತ್ತು. ಸೇರಿದ್ದ ಜನರ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತ ಕೂಗಿದ:

"ನೋಡ್ರಪ್ಪೋ! ಅಂಥ ಆನೆ ಎದುರಿಗೆ ಬಂದ್ರೂ ಬೆಚ್ಚದೋನು, ಕಾಲು ಭಾಗ ಕೇಕಿಗೆ ಬೆಚ್ಚಿ ನನ್ ತೊಡೆ ಏರಿದ್ದ! ಯಾಕಣ್ಣ?"

ಚನ್ನಬಸವಣ್ಣ ಕೇಕಿನ ಚೂರೊಂದನ್ನು ಅವನ ಬಾಯಿಗೆ ತುರುಕಿ ಹೇಳಿದ:

"ಆ ಆನೆ ಒಟ್ಟೆಗೆ ನಿಮ್ಮತ್ತಿಗೆ ಮೊಳೆ ಚುಚ್ಚಿ ಕಳ್ಸಿರ್ನಿಲ್ಲ ಕಣ್ಲಾ."