ಚುಕ್ಕಿ ಇಡದ ಕಟ್ಟೆ

ಬೀರುವಿನ ಮೇಲಿದ್ದ ತಗಡಿನ ಕೊಳವೆಯ ಮುಚ್ಚಳ ತೆಗೆದೆ. ಇಷ್ಟು ವರ್ಷ ಕಳೆದರೂ ಒಳಗಿನಿಂದ ಅಮೋನಿಯಾದ ಘಾಟು ಬಂದಂತಾಯಿತು. ಕಂಪ್ಯೂಟರ್ ಬರುವ ಮುಂಚೆ ನಕ್ಷೆಗಳ ಪ್ರತಿಗಳಿಗೆಲ್ಲ ಇದೇ ವಾಸನೆ. ಮುಚ್ಚಳ ಮತ್ತೆ ಹಾಕಹೊರಟೆ. ವಾಸನೆಗಲ್ಲ. ಸುರುಳಿಯಲ್ಲಿರುವುದು ಯಾವ ನಕ್ಷೆ ಎಂದು ನನಗೆ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆ. ಭೂದೃಶ್ಯ ವಿನ್ಯಾಸ ಕಲಿಸುವ ಹೊಸ ಮೇಷ್ಟ್ರು ನಾನು. ಊರಿನ ಬಯಲು, ಚರಂಡಿ, ಫುಟ್‌ಪಾತುಗಳನ್ನು ಜನ ಹೇಗೆ ಬಳಸುತ್ತಾರೆಂಬುದೇ ನನ್ನ ಸಂಶೋಧನೆ. ಮನೆಯಲ್ಲಿ ಕೇಳಿದರೆ, 'ಅವನು ಬೀದಿ ನೋಡೋದಕ್ಕೆ ಸಂಬಳ ತಗೋತಾನೆ' ಎನ್ನುತ್ತಿದ್ದರು. ತಪ್ಪೇನಿಲ್ಲ. ಆದರೆ ನಾನು ಅದನ್ನೂ ನೆಟ್ಟಗೆ ನೋಡಲಿಲ್ಲ.

ವಿದ್ಯಾರಣ್ಯಪುರಂನಲ್ಲಿ ಹೊಂಗೆ ಮರದ ಸುತ್ತ ಒಂದು ಕಲ್ಲುಕಟ್ಟೆಯಿತ್ತು. ವಿದ್ಯಾರ್ಥಿಗಳನ್ನು ಒಂದು ವಾರ ಅಲ್ಲಿಗೆ ಕರೆದುಕೊಂಡು ಹೋದೆ. ಗಂಟೆಗೊಮ್ಮೆ ನೋಡಬೇಕು, ಕಟ್ಟೆಯಲ್ಲಾಗಲಿ, ಸುತ್ತಲ ಅಂಗಡಿಗಳ ನೆರಳಲ್ಲಾಗಲಿ ಕೂತ ಒಬ್ಬೊಬ್ಬರಿಗೂ ನಕ್ಷೆಯಲ್ಲೊಂದು ಕೆಂಪು ಚುಕ್ಕಿ. ಎದ್ದವರಿಗೆ, ನಡೆಯುವವರಿಗೆ ಇಲ್ಲ. ನಿಯಮ ನನ್ನದೇ. ಕಾಲೇಜಿನ ವ್ಯಾನು ಹತ್ತೂವರೆಗೆ ಹೊರಟು ನಾಲ್ಕಕ್ಕೆ ಅಲ್ಲಿಂದ ವಾಪಸು ಹೊರಡುತ್ತಿದ್ದುದರಿಂದ ನಮ್ಮ ಸಮೀಕ್ಷೆ ಹನ್ನೊಂದರಿಂದ ನಾಲ್ಕು. ಹೊಂಗೆ ಎಲೆ ಉದುರಿಸಿದ್ದ ಕಾಲ, ಆ ಹೊತ್ತಿನ ಬಿಸಿಲಿಗೆ ಕಲ್ಲು ಕಾದಿರುತ್ತದೆಂದು ನನಗೆ ಹೊಳೆಯಲಿಲ್ಲ, ನಾನು ವ್ಯಾನಿನ ನೆರಳಲ್ಲಿದ್ದೆ.

ಮೊದಲ ದಿನ, ಅಲ್ಲಿ ಸೊಪ್ಪು ಮಾರುವ ಚಿಕ್ಕತಾಯಮ್ಮ ಖಾಲಿ ಮಂಕರಿ ಎತ್ತಿಕೊಂಡು ಹೊರಟಿದ್ದರು. ನಮ್ಮ ನಕ್ಷೆಯ ಹಲಗೆಯತ್ತ ಇಣುಕಿದರು.

"ಏನ್ ಸಾರ್, ರಂಗೋಲಿಗೆ ಚುಕ್ಕಿ ಇಟ್ಟಂಗೆ ಇಡ್ತಾ ಇದೀರಲ್ಲ?"

ವಿವರಿಸಿದೆ.

"ಹಂಗಾರೆ ನಂದೂ ಒಂದು ಇಟ್ಬುಡಿ. ಬೆಳಕರಿಯಕ್ ಮುಂಚಿಂದ ಇಲ್ಲೇ ಕುಂತಿದ್ದೆ. ಇನ್ನೂ ಆರು ಜನ ಬತ್ತರೆ, ಸಂಜೆಗೆ ಹೆಂಗಸ್ರು ಮಕ್ಳು ಎಲ್ಲ ಬತ್ತರೆ."

"ಈಗ ಕೂತಿರೋರನ್ನ ಮಾತ್ರ ಬರ್ಕೋತೀವಮ್ಮ. ನೀವು ಎದ್ದುಬಿಟ್ಟಿದೀರಿ."

"ಅಯ್ಯೋ, ಕುಂತ್ಕಂಡೇಬುಡ್ತೀನಿ ಬುಡಿ. ಬಸ್ಸೋದ್ರೆ ನೀವೇ ಊರ್ಗೆ ಬುಟ್‌ಬರ್ಬೇಕು ಅಷ್ಟೆ!"

ಹುಡುಗರು ನಕ್ಕರು. ನಾನೂ ನಕ್ಕೆ. ಅವರು ಹೋದರು. ಚುಕ್ಕಿ ಇಡಲಿಲ್ಲ.

ನಕ್ಷೆ ಚೆನ್ನಾಗಿ ಬಂತು. ಒಂದು ಪ್ರತಿಯನ್ನು, ಯಾರೂ ಕೇಳದಿದ್ದರೂ, ಊರಿನ ಕೆಲಸ ನೋಡುವ ಕಚೇರಿಗೆ ಕೊಟ್ಟುಬಂದೆ. ಮರುವರ್ಷ ಅಲ್ಲಿಂದ ಸಭೆಗೆ ಕರೆ ಬಂತು. ಕಟ್ಟೆ ಒಡೆದು, ಹುಲ್ಲು ಹಾಸಿ, ಸುತ್ತ ಗ್ರಿಲ್ ಹಾಕುತ್ತಾರಂತೆ. ಬೆಳಿಗ್ಗೆ ಹತ್ತಕ್ಕೆ ಗೇಟು ತೆಗೆಯುತ್ತಾರಂತೆ. ನಾನು ಎದ್ದುನಿಂತು ವಿರೋಧಿಸಿದೆ. ಕಚೇರಿಯ ಎಂಜಿನಿಯರು ಸಿಟ್ಟಾಗಲಿಲ್ಲ. ಮೇಜಿನ ಮೇಲೆ ನನ್ನದೇ ನಕ್ಷೆ ಬಿಡಿಸಿದರು.

"ಇದು ನಿಮ್ಮ ಸಹಿ ಅಲ್ವೇನ್ರೀ ಮೇಷ್ಟ್ರೇ? ಕಟ್ಟೆ ಮೇಲೆ ಒಂದೇ ಒಂದು ಚುಕ್ಕಿ ತೋರಿಸಿ, ಈಗ್ಲೇ ಫೈಲ್ ಮುಚ್ಬುಡ್ತೀನಿ."

'ನಾವು ಹೋಗಿದ್ದೇ ಹನ್ನೊಂದಕ್ಕೆ ಸ್ವಾಮಿ' ಎಂದರೆ ಸಾಕಿತ್ತು. ಆ ಮಾತು ಬಾಯಿಗೆ ಬಂದಿತ್ತು. ಆಡಿದ್ದರೆ ನನ್ನ ಸಂಶೋಧನೆ ಬಿದ್ದುಹೋಗುತ್ತಿತ್ತು. ಕೂತುಬಿಟ್ಟೆ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ದಿನಾ ಅದೇ ದಾರಿಯಲ್ಲಿ ಓಡಾಡುವ ಮನುಷ್ಯ, ಕಣ್ಣಿಗಿಂತ ಕಾಗದ ನಂಬಿದ. ಆದರೆ ಆ ಕಾಗದ ಕೊಟ್ಟವನು ನಾನು. ನನ್ನ ಮೇಲಿನ ಸಿಟ್ಟಿಗೆ ಹೋಲಿಸಿದರೆ ಅವರ ಮೇಲಿನದು ಏನೂ ಅಲ್ಲ.

ಗ್ರಿಲ್ ಬಂತು. ಒಮ್ಮೆ, ಒಮ್ಮೆ ಮಾತ್ರ, ಬೆಳಿಗ್ಗೆ ಆರಕ್ಕೆ ಹೋದೆ. ಚಿಕ್ಕತಾಯಮ್ಮ ಬೀಗ ಹಾಕಿದ ಗೇಟಿನ ಹೊರಗೆ, ಚರಂಡಿಯ ಅಂಚಿನಲ್ಲಿ ಕೂತಿದ್ದರು. ಬಸ್ಸು ಹೋದಾಗಲೆಲ್ಲ ಸೊಪ್ಪಿನ ಮೇಲೆ ಸೆರಗು ಹಿಡಿಯುತ್ತಿದ್ದರು.

"ಇಟ್ಬುಡಿ ಅಂದಿದ್ನಲ್ಲ ಸಾರ್," ಎಂದರು. ಅಷ್ಟೇ. ಎರಡು ಕಟ್ಟು ದಂಟಿನ ಸೊಪ್ಪು ಕೊಟ್ಟರು.

ಆಮೇಲೆ ಅವರು ಎಲ್ಲಿ ಹೋದರೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ಈಗ ನಕ್ಷೆ ನನ್ನ ಮುಂದಿದೆ. ಕೆಂಪು ಪೆನ್ನು ತೆಗೆದು ಕಟ್ಟೆಯ ಮೇಲೆ ಹಿಡಿದೆ. ಇಡಬಾರದು, ನೋಡಿ. ಈಗ ಇಟ್ಟರೆ ನಾನು ಅಂದು ನೋಡಿದ್ದೆ ಎಂಬ ಸುಳ್ಳಾಗುತ್ತದೆ. ಬದಲಿಗೆ ನನ್ನ ಸಹಿಯ ಕೆಳಗೆ ಬರೆದೆ: 'ಈ ನಕ್ಷೆ ತಪ್ಪು. ಸಮೀಕ್ಷೆಗೆ ಬೆಳಿಗ್ಗೆ ಆರಕ್ಕೆ ಹೋಗಲಿಲ್ಲ. ಚಿಕ್ಕತಾಯಮ್ಮ ಹೇಳಿದರೂ ಕೇಳಲಿಲ್ಲ.' ಇದನ್ನು ನಾಳೆ ತರಗತಿಯ ಗೋಡೆಗೆ ಹಾಕುತ್ತೇನೆ. ಹುಡುಗರಿಗೆ ಹೇಳಿದ್ದೇನೆ, ನಾಳಿದ್ದಿನ ತರಗತಿ ಬೆಳಿಗ್ಗೆ ಐದೂವರೆಗೆ, ಬೀದಿಯಲ್ಲೇ, ವ್ಯಾನು ಇರುವುದಿಲ್ಲ.