ಮಾರೆಕ್ಕ ಬರೆದ ಲೆಕ್ಕ

ಖಾಲಿ ತೊಟ್ಟಿಗೆ ಮೊದಲ ನೀರು ಬೀಳುವ ಸದ್ದು ಕೇಳಿದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಮಡಕಶಿರಾ ಕಡೆಯ ನಮ್ಮ ಶಾಲೆಯಲ್ಲಿ ಊಟ ಮುಗಿಸಿದ ಮಕ್ಕಳು ಕೈ ತೊಳೆಯಲು ನಲ್ಲಿ ತಿರುಗಿಸುತ್ತಾರೆ. ಅದು ಗೊರಗೊರ ಅಂದು ಗಾಳಿ ಕಾರಿ, ಆಮೇಲೆ ದಬದಬನೆ ಸುರಿಯುತ್ತದೆ. ನಾನು ಚಾಕ್‌ಪೀಸ್ ಹಿಡಿದುಕೊಂಡೇ ರಾಯದುರ್ಗದ ಹತ್ತಿರದ ನಮ್ಮ ಹಳೆಯ ಅಂಗಳಕ್ಕೆ ಹೋಗಿಬಿಡುತ್ತೇನೆ. ಕಾದ ಕಲ್ಲುತೊಟ್ಟಿಗೆ ನೀರು ಬಿದ್ದಾಗ ಏಳುತ್ತಿದ್ದ ವಾಸನೆ, ಅದರ ಜೊತೆಗೆ ಬೆರೆತ ಕುರಿಹಿಕ್ಕೆಯ ಘಾಟು, ಎಲ್ಲಕ್ಕಿಂತ ಮೇಲೆ ನಮ್ಮಜ್ಜಿಯ ಗಂಟಲು! ನಿಮಗೂ ಇಂಥದೊಂದು ಸದ್ದು ಇದ್ದೀತು. ಮನೆ ಹೋದರೂ ಅದು ಹೋಗುವುದಿಲ್ಲ.

ಚಿಕ್ಕಪ್ಪನ ಹೆಂಡತಿ, ನಮ್ಮ ಚಿಗವ್ವ, ಊರಿನ ಕನ್ನಡ ಶಾಲೆಯಲ್ಲಿ ಲೆಕ್ಕದ ಟೀಚರ್. ಆದರೆ ಅವಳ ಹುಚ್ಚೆಲ್ಲ ಓದಿಸುವುದು, ಬರೆಸುವುದು. ಅದೇನು ಕನ್ನಡ ಪಾಠ ಒಂದಕ್ಕೇ ಬರೆದುಕೊಟ್ಟದ್ದೇ ಎಂದು ಕೇಳುತ್ತಿದ್ದಳು. ವಿಜ್ಞಾನದಲ್ಲಿ ಮೆಲುಕು ಹಾಕುವ ಪಾಠ ಬಂದರೆ ನಮ್ಮನ್ನು ಕುರಿಗಳ ಎದುರು ಕೂರಿಸಿ, ದವಡೆ ಯಾವ ಕಡೆ ಆಡುತ್ತದೆಂದು ನೋಡಿ ನೋಡಿ ಬರೆಸಿದಳು. ಸಮಾಜ ಪಾಠಕ್ಕೆ ಅಜ್ಜ ಕುರಿ ಹೊಡೆದುಕೊಂಡು ಹೋಗುವ ದಾರಿಯನ್ನು ಮಣ್ಣಿನಲ್ಲಿ ಗೀಚಿಸಿ, ಅದನ್ನು ದಾರಿ ತಿಳಿಯದವರಿಗೂ ಅರ್ಥವಾಗುವಂತೆ ಬರೆಯಿರಿ ಎಂದಳು. ಇಡೀ ಮನೆಯೇ ಶಾಲೆಯಾಗಿತ್ತು. ನನ್ನ ಅಕ್ಕ ಮಾರೆಕ್ಕ ಮಾತ್ರ ಅದರಿಂದ ಹೊರಗೆ. ಮಂದೆಯಲ್ಲಿ ಒಂದು ಮರಿ ತಪ್ಪಿದರೂ ಕಣ್ಣಲ್ಲೇ ಹಿಡಿಯುವವಳು, ಲೆಕ್ಕ ವಾಕ್ಯದಲ್ಲಿ ಬಂದರೆ ಓದಲಾಗದೆ ತಡವರಿಸುತ್ತಿದ್ದಳು. ಒಂದು ದಿನ ತರಗತಿಯೆಲ್ಲ ನಕ್ಕಿತು. ಮನೆಗೆ ಬಂದವಳೇ ಚೀಲವನ್ನು ಗೂಟಕ್ಕೆ ನೇತುಹಾಕಿ, "ಇನ್ನ ನಾ ಸಾಲಿಗೆ ಹೋಗಂಗಿಲ್ಲ" ಅಂದು ಕುರಿಗಳ ಹಿಂದೆ ಹೊರಟಳು. ಚಿಗವ್ವನಿಗೆ ಅಂದು ಅನ್ನ ಸೇರಲಿಲ್ಲ. ದಿನವೂ ಆ ಚೀಲ ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ಒಂದು ಸಂಜೆ ಮಾರೆಕ್ಕ ಕುರಿಗಳನ್ನು ದೊಡ್ಡಿಗೆ ಕೂಡುತ್ತಿದ್ದಾಗ ಚಿಗವ್ವ ಬೇಕೆಂದೇ ಜೋರಾಗಿ ನನಗೆ ಲೆಕ್ಕ ಓದಿದಳು. ಒಂದು ನಲ್ಲಿ ತೊಟ್ಟಿಯನ್ನು ತುಂಬುತ್ತದೆ, ತಳದ ಇನ್ನೊಂದು ನಲ್ಲಿ ಅದನ್ನು ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ತೆರೆದರೆ... ಅಷ್ಟರಲ್ಲಿ ಶೇಂಗಾ ಬಿಡಿಸುತ್ತಿದ್ದ ಅಜ್ಜಿ ಮೊರ ಬಿಟ್ಟು ಎದ್ದಳು.

"ಯಾವನವ ಕೆಳಗಿನ ನಳ ಬಿಟ್ಟವ? ಮೊದಲು ಅದನ್ನ ಬಂದ್ ಮಾಡು, ಆಮ್ಯಾಲ ಲೆಕ್ಕ ಓದು!"

"ಬುಕ್ಕಿನಾಗ ಹಂಗೈತ್ರಿ ಅತ್ತೀ."

"ಬುಕ್ಕಿನಾಗ ಇದ್ರ ನೀರು ಚೆಲ್ಲಬೇಕೇನು?"

ನಳದ ನೀರಿಗಾಗಿ ಕೊಡ ಸಾಲು ಹಚ್ಚಿ ಕಾಯುವ ಊರು ನಮ್ಮದು. ಅಜ್ಜಿಯ ಸಿಟ್ಟು ಸುಳ್ಳಲ್ಲ. ಆಗ ಕುರಿಗಳ ನಡುವಿನಿಂದ ಮಾರೆಕ್ಕನ ದನಿ ಬಂತು. "ಚಿಗವ್ವ, ತೊಟ್ಟಿ ಖಾಲಿ ಮಾಡಾಕ ಇನ್ನೊಂದು ನಳ ಯಾಕ ಬೇಕು? ಕುರಿ ಬಿಟ್ರ ಸಾಕು!"

ಚಿಗವ್ವನ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ಹಂಗಾದ್ರ ಸರಿಯಾದ ಲೆಕ್ಕ ನೀನ ಬರಿ" ಅಂದು ಚಾಕ್‌ಪೀಸ್ ಎಸೆದಳು.

ಮಾರೆಕ್ಕ ಕುಕ್ಕರಗಾಲಲ್ಲಿ ಕೂತು ತೊಟ್ಟಿಯ ಹೊರಮೈಗೇ ಬರೆಯತೊಡಗಿದಳು. ಬರೆದದ್ದನ್ನು ಓದಿ ಅಜ್ಜಿಗೆ ಹೇಳಬೇಕು; ಅಜ್ಜಿ ಒಪ್ಪಬೇಕಲ್ಲ! ಮರಿ ಎಷ್ಟು ಕುಡಿಯುತ್ತದೆ, ದೊಡ್ಡದು ಎಷ್ಟು, ನೀರು ಸಣ್ಣಗೆ ಬಂದರೇನು ಗತಿ ಎಂದು ಅಜ್ಜಿ ತಗಾದೆ ತೆಗೆದಂತೆಲ್ಲ ಮಾರೆಕ್ಕ ಅಂಗೈಯಿಂದ ಒರೆಸುತ್ತಾಳೆ, ಮತ್ತೆ ಬರೆಯುತ್ತಾಳೆ, ಮತ್ತೆ ಓದುತ್ತಾಳೆ. ತಾನು ತಡೆಯಿಲ್ಲದೆ ಓದುತ್ತಿದ್ದೇನೆಂಬುದು ಅವಳಿಗೇ ಗೊತ್ತಿಲ್ಲ. ನನಗೂ ಚಿಗವ್ವನಿಗೂ ಗೊತ್ತಾಗಿತ್ತು. ಮರುದಿನ ನೀರು ಬಿಟ್ಟಾಗ ಪರೀಕ್ಷೆ! ನಳದಿಂದ ತೊಟ್ಟಿಗೆ ಪೈಪು ಎಳೆದು, ನಳ ತಿರುಗಿಸಿ ಕುರಿ ಬಿಟ್ಟೆವು. ಟಗರು ನುಗ್ಗಿ ಪೈಪನ್ನೇ ಕಿತ್ತು ಹಾಕಿತು. ಅಜ್ಜಿಯ ಸೀರೆಯೆಲ್ಲ ತೊಯ್ದು ತೊಪ್ಪೆ, ಉತ್ತರ ಎಕ್ಕುಟ್ಟಿ ಹೋಯಿತು, ಬಿದ್ದು ಬಿದ್ದು ನಕ್ಕೆವು. "ಟಗರನ್ನೂ ಲೆಕ್ಕದಾಗ ಸೇರಿಸು!" ಎಂದು ಚಿಗವ್ವ ಕುಣಿದಳು. ಮಾರೆಕ್ಕ ಸೇರಿಸಿದಳು. ಮಾರನೆಯ ಬೆಳಿಗ್ಗೆ ಯಾರೂ ಹೇಳದಿದ್ದರೂ ತಾನೇ ಗೂಟದಿಂದ ಚೀಲ ಇಳಿಸಿದಳು. ಆ ದಿನ ಚಿಗವ್ವ ಅವಳ ಲೆಕ್ಕವನ್ನು ಬೋರ್ಡಿಗೆ ಹಾಕಿದಾಗ ನಕ್ಕಿದ್ದ ಮಕ್ಕಳೇ ಒಕ್ಕೊರಲಿನಿಂದ ಓದಿದರು. ಎಲ್ಲರಿಗಿಂತ ಜೋರಾಗಿ ಓದಿದವಳು ಮಾರೆಕ್ಕ.

ಅಜ್ಜಿ ಹೋದಳು, ಚಿಗವ್ವನೂ ಹೋದಳು. ಕುರಿ ಮಾರಿದರು. ರಸ್ತೆ ಅಗಲ ಮಾಡುವಾಗ ಅಂಗಳವೂ ಹೋಯಿತು; ಜೆಸಿಬಿ ಎತ್ತಿದಾಗ ತೊಟ್ಟಿ ಎರಡು ಹೋಳಾಯಿತು ಎಂದು ಮಾರೆಕ್ಕ ಫೋನಿನಲ್ಲಿ ಅತ್ತಳು. ನನಗೂ ಅಳು ಬಂತು. ಅವಳ ಲೆಕ್ಕವನ್ನು ಮಾತ್ರ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಟಗರು ಬಂದ ಕೂಡಲೇ ಮಕ್ಕಳು ಹೋ ಎನ್ನುತ್ತಾರೆ. ಈ ಸಲ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಈ ಕುರಿಗಳು ಯಾರ್ವು?" ಅಂದಳು.

"ನಮ್ಮವು" ಅಂದೆ. ಈಗ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಮಕ್ಕಳು ಮತ್ತೆ ಮೊದಲಿನಿಂದ ಓದತೊಡಗಿದರು.